ಚಕ್ಕಡಿಯ ಕೀಲಿನಿಂದ ರೇಸಿನ ಕಾರಿನವರೆಗೆ: ಎಣ್ಣೆಯ ಒಂದು ಕಥೆ



ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ನೀವು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರೆ, ದಾರಿಯುದ್ದಕ್ಕೂ ಸಾಲುಗಟ್ಟಿ ಬರುವ ಚಕ್ಕಡಿಗಳನ್ನು ನೋಡಿರುತ್ತೀರಿ. ಬೈಲಹೊಂಗಲದ ಕಡೆಯಿಂದ, ರಾಮದುರ್ಗದ ಕಡೆಯಿಂದ, ಕಿತ್ತೂರಿನ ಕಡೆಯಿಂದ ಬರುವ ಗಾಡಿಗಳು ಅವು. ಆ ಸಾಲಿನಲ್ಲಿ ಕಟ್ಟಿಗೆಯ ಗಾಲಿಯ ಹಳೆಯ ಗಾಡಿಯೊಂದಿದ್ದರೆ ಅದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕೀಲಿಗೆ ಎಣ್ಣೆ ಸಾಲದಿದ್ದರೆ ಗಾಲಿ ಕಿರ್ ಎಂದು ಕೂಗುತ್ತದೆ. ಅನುಭವಿ ರೈತ ಆ ಸದ್ದು ಕೇಳಿದ ಕೂಡಲೇ ಗಾಡಿ ನಿಲ್ಲಿಸುತ್ತಾನೆ. ಆ ಕೂಗು ಎತ್ತುಗಳ ಬಲ ವ್ಯರ್ಥವಾಗುತ್ತಿದೆ, ಕಟ್ಟಿಗೆ ಮತ್ತು ಕಬ್ಬಿಣ ಸವೆಯುತ್ತಿವೆ ಎಂಬುದರ ಸೂಚನೆಯೆಂದು ಅವನಿಗೆ ಗೊತ್ತು.

ಸಾವಿರಾರು ಮೈಲಿ ದೂರದ ರೇಸ್ ಪಥದಲ್ಲಿ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುವ ಕಾರಿನ ಚಾಲಕನ ಚಿಂತೆಯೂ ಇದೇ. ಅವನ ಕಾರು ಕೂಗುವುದಿಲ್ಲ, ಒಂದು ಕ್ಷಣದಲ್ಲಿ ಇಂಜಿನ್ ಹಿಡಿದುಕೊಂಡು ನಿಂತೇ ಬಿಡುತ್ತದೆ. ಈ ಎರಡು ವಾಹನಗಳ ನಡುವಿನ ಸಂಬಂಧ ಕಲ್ಪನೆಯದಲ್ಲ, ಇತಿಹಾಸದಲ್ಲಿ ನಿಜವಾಗಿಯೂ ಇದೆ. ಆ ಸಂಬಂಧದ ಹೆಸರು ಔಡಲ. ಹಳೆಯ ಮೈಸೂರಿನವರು ಹರಳು ಎಂದು ಕರೆಯುವ ಗಿಡವೇ ಇದು. ಇಂದು ನಾವು ಈ ಎಣ್ಣೆಯ ದಾರಿಯನ್ನು ಹಿಂಬಾಲಿಸೋಣ.

ಗಾಡಿಯ ಜ್ಞಾನ

ಕಿತ್ತೂರು ಎಂದೊಡನೆ ನಮಗೆ ನೆನಪಾಗುವುದು ರಾಣಿ ಚನ್ನಮ್ಮ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿ ತೀರಿಕೊಂಡದ್ದು ನಿಮ್ಮ ಪಠ್ಯಪುಸ್ತಕದಲ್ಲಿದೆ. ಆದರೆ ಆ ಕಾಲದ ಯುದ್ಧಗಳಲ್ಲಿ ತೋಪುಗಳನ್ನೂ ಮದ್ದುಗುಂಡುಗಳನ್ನೂ ಎಳೆಯುತ್ತಿದ್ದುದು ಎತ್ತುಗಳೇ ಎಂಬುದನ್ನು ನಾವು ಮರೆಯುತ್ತೇವೆ. ಸೈನ್ಯ ಎಷ್ಟೇ ದೊಡ್ಡದಿರಲಿ, ಅದರ ವೇಗವನ್ನು ನಿರ್ಧರಿಸುತ್ತಿದ್ದುದು ಗಾಲಿ. ಗಾಲಿಯ ಕ್ಷೇಮವನ್ನು ನೋಡಿಕೊಳ್ಳುತ್ತಿದ್ದುದು ಅದಕ್ಕೆ ಹಚ್ಚುವ ಎಣ್ಣೆ.

ಗಾಡಿಯ ರಚನೆಯನ್ನು ಒಮ್ಮೆ ಗಮನಿಸಿ. ಎರಡೂ ಗಾಲಿಗಳನ್ನು ಹೊತ್ತ ಅಡ್ಡ ದಂಡಕ್ಕೆ ಇರಸು ಎಂದು ಹೆಸರು. ಗಾಲಿಯ ನಡುವಿನ ಗುಂಬ ಈ ಇರಸಿನ ತುದಿಯ ಮೇಲೆ ತಿರುಗುತ್ತದೆ. ಗಾಲಿ ಕಳಚದಂತೆ ಹೊರಗಡೆ ಒಂದು ಕಡಾಣಿ ಇರುತ್ತದೆ. ಹೊತ್ತ ಭಾರವೆಲ್ಲ ಬೀಳುವುದು ಗುಂಬ ಮತ್ತು ಇರಸು ಒಂದಕ್ಕೊಂದು ತಾಗುವ ಆ ಅಂಗೈಯಗಲದ ಜಾಗದ ಮೇಲೆ. ಅಲ್ಲಿ ಎಣ್ಣೆಯ ತೆಳು ಪದರವೊಂದು ಇದ್ದರೆ ಗುಂಬ ಎಣ್ಣೆಯ ಮೇಲೆ ಜಾರುತ್ತದೆ. ಪದರ ಹರಿದರೆ ಇರಸನ್ನೇ ಉಜ್ಜುತ್ತದೆ.

ಇದಕ್ಕೆ ನಮ್ಮ ರೈತರು ಕಂಡುಕೊಂಡ ಉತ್ತರ ಕೀಲೆಣ್ಣೆ. ಹೊಲದ ಬದುವಿನಲ್ಲಿ ಬೆಳೆದ ಔಡಲದ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಬಳಿದು ತೆಗೆದು, ಸುಟ್ಟ ಹುಲ್ಲಿನ ನುಣುಪಾದ ಕರಿಯನ್ನು ಬೆರೆಸಿದರೆ ಕಪ್ಪಾದ, ಮಂದವಾದ ಲೇಪ ಸಿದ್ಧವಾಗುತ್ತದೆ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕುತ್ತಿದ್ದರು. ಬರಿಯ ಎಣ್ಣೆ ಬಿಸಿಲಿಗೆ ತೆಳ್ಳಗಾಗಿ ಸೋರಿಹೋಗುತ್ತದೆ, ಕರಿ ಬೆರೆತ ಎಣ್ಣೆ ಜಾಗದಲ್ಲೇ ನಿಲ್ಲುತ್ತದೆ. ಆದರೆ ಕರಿಯಲ್ಲಿ ಮರಳಿನ ಕಣವೊಂದಿದ್ದರೂ ಅದೇ ಅರವಾಗಿ ಇರಸನ್ನು ತಿನ್ನುತ್ತದೆ. ಆದ್ದರಿಂದ ಕರಿಯನ್ನು ಬಟ್ಟೆಯಲ್ಲಿ ಸೋಸಬೇಕು.

ಇಂಗ್ಲಿಷಿನವರು ಅಡಿಟಿವ್ ಎನ್ನುವುದನ್ನು ನಾವಿಲ್ಲಿ ಪೂರಕ ದ್ರವ್ಯ ಎನ್ನೋಣ. ಎಣ್ಣೆಯಲ್ಲಿ ಒಂದು ಕೊರತೆ ಇದೆ, ಆ ಕೊರತೆಯನ್ನು ತುಂಬಲು ಇನ್ನೊಂದು ವಸ್ತುವನ್ನು ಅಳತೆಯರಿತು ಸೇರಿಸುತ್ತೇವೆ. ಇಂದಿನ ಕಾರ್ಖಾನೆಗಳು ಗ್ರೀಸಿನಲ್ಲಿ ಗ್ರ್ಯಾಫೈಟನ್ನೋ ಮಾಲಿಬ್ಡಿನಮ್ ಡೈಸಲ್ಫೈಡನ್ನೋ ಬೆರೆಸುವುದರ ಹಿಂದಿನ ವಿಚಾರವೂ ಇದೇ. ಹುಲ್ಲಿನ ಕರಿ ಅವುಗಳಷ್ಟು ಸಮರ್ಥವಲ್ಲ, ನಿಜ. ಆದರೆ ಪ್ರಶ್ನೆ ಒಂದೇ ಆಗಿತ್ತು.

ರೈಲು ಬರದ ನಾಲ್ಕು ಊರುಗಳು

ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ಮುಂಬಯಿ ಸರ್ಕಾರದಿಂದ ಪ್ರಕಟವಾದದ್ದು 1884ರಲ್ಲಿ. ಆಗ ಬೈಲಹೊಂಗಲದ ಸೀಮೆ ಸಂಪಗಾವಿ ತಾಲ್ಲೂಕಿನಲ್ಲಿತ್ತು, ಸವದತ್ತಿಯ ಸೀಮೆಗೆ ಪರಸಗಡ ತಾಲ್ಲೂಕೆಂದು ಹೆಸರಿತ್ತು, ರಾಮದುರ್ಗ ಒಂದು ಸಂಸ್ಥಾನವಾಗಿತ್ತು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬೆಳಗಾವಿಯನ್ನೂ ಧಾರವಾಡವನ್ನೂ ಮುಟ್ಟಿತು. ನಮ್ಮ ನಾಲ್ಕೂ ಊರುಗಳು ಮಾತ್ರ ಆ ಹಳಿಯಿಂದ ದೂರವೇ ಉಳಿದವು. ಹೀಗಾಗಿ ಕಪ್ಪು ನೆಲದ ಹತ್ತಿ ಮತ್ತು ಜೋಳ ನಿಲ್ದಾಣದವರೆಗೆ ಹೋಗುತ್ತಿದ್ದುದು ಚಕ್ಕಡಿಯಲ್ಲೇ. ರೈಲು ಬಂದ ಮೇಲೆ ಗಾಡಿಯ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ರೈಲಿನ ಡಬ್ಬಿಗೂ ಇರಸು ಇದೆಯಲ್ಲವೇ? ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ರೈಲ್ವೆಗಳು ಔಡಲೆಣ್ಣೆಯನ್ನು ಯಂತ್ರಗಳಿಗೂ ದೀಪಗಳಿಗೂ ಬಳಸುತ್ತಿದ್ದವು. ಗೆಜೆಟಿಯರ್ ಅಚ್ಚಾಗುತ್ತಿದ್ದ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಇಂಜಿನಿಯರ್ ಇಂಥ ಇರಸಿನ ಮೇಲೆ ಪ್ರಯೋಗ ನಡೆಸುತ್ತಿದ್ದನು. ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದ ರಂಧ್ರಕ್ಕೆ ಬಿರಡೆ ಹಾಕಿದರೆ, ತಿರುಗುವ ಇರಸಿನ ಎಣ್ಣೆ ಆ ಬಿರಡೆಯನ್ನು ಹೊರಕ್ಕೆ ತಳ್ಳಿತು. ತಿರುಗುವ ದಂಡವೇ ಎಣ್ಣೆಯನ್ನು ಎಳೆದುಕೊಂಡು ಒತ್ತಡ ಹುಟ್ಟಿಸಿ, ಇಡೀ ಭಾರವನ್ನು ಎಣ್ಣೆಯ ಮೇಲೆ ತೇಲಿಸುತ್ತದೆ ಎಂದು ಇದರಿಂದ ತಿಳಿಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ರೂಪ ಕೊಟ್ಟನು. ಇಂದಿನ ಕಾರಿನ ಇಂಜಿನ್ನಿನ ಬೇರಿಂಗ್ ಕೆಲಸ ಮಾಡುವುದೂ ಇದೇ ನಿಯಮದಂತೆ.

ನಮ್ಮ ಸೀಮೆಯವನೇ ಆದ ಒಬ್ಬ ಯಂತ್ರಶಿಲ್ಪಿಯನ್ನು ಇಲ್ಲಿ ನೆನೆಯಬೇಕು. ಮಲಪ್ರಭೆಯ ದಂಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಆರಂಭಿಸಿದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು. 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಚಕ್ಕಡಿಯಷ್ಟೇ ಇದ್ದ ಸೀಮೆಯಿಂದ ಯಂತ್ರ ತಯಾರಿಸುವವರು ಹುಟ್ಟಿದ್ದು ಅಚ್ಚರಿಯಲ್ಲ. ಗಾಲಿ, ಕೀಲು, ಸವೆತಗಳನ್ನು ಕಂಡು ಬೆಳೆದ ಕಣ್ಣಿಗೆ ಯಂತ್ರ ತೀರಾ ಹೊಸದಲ್ಲ.

ಔಡಲ ರೇಸಿಗೆ ಹೋದದ್ದು

1899ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬುವನು ಯಂತ್ರದ ಎಣ್ಣೆಗಳನ್ನು ಮಾರುವ ಕಂಪನಿಯನ್ನು ಆರಂಭಿಸಿದನು. ಮೋಟಾರು ಕಾರು, ವಿಮಾನಗಳು ಆಗತಾನೇ ಬರುತ್ತಿದ್ದ ಕಾಲ. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕಾರಿನ ಓಟಕ್ಕೆಂದೇ ಕಟ್ಟಿದ ಪಥ ತೆರೆಯಿತು. ಹೊಸ ಇಂಜಿನ್ನುಗಳ ಶಾಖಕ್ಕೆ ಅಂದಿನ ಖನಿಜ ಎಣ್ಣೆ ತೆಳ್ಳಗಾಗಿ ಹರಿದುಹೋಗುತ್ತಿತ್ತು. ವೇಕ್‌ಫೀಲ್ಡನ ಕಂಪನಿ ಖನಿಜ ಎಣ್ಣೆಗೆ ಅಳತೆಯರಿತು ಔಡಲೆಣ್ಣೆಯನ್ನು ಬೆರೆಸಿ 1909ರಲ್ಲಿ ಮಾರುಕಟ್ಟೆಗೆ ತಂದ ಎಣ್ಣೆಯ ಹೆಸರು ಕ್ಯಾಸ್ಟ್ರಾಲ್. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ, ಹೆಸರು ಹುಟ್ಟಿದ್ದು ಅದರಿಂದಲೇ. ಇಂದು ಗ್ಯಾರೇಜಿನ ಗೋಡೆಯ ಮೇಲೆ ನೀವು ಓದುವ ಆ ಪದದೊಳಗೆ ನಮ್ಮ ಬದುವಿನ ಗಿಡವಿದೆ.

ಔಡಲೆಣ್ಣೆಗೆ ಈ ಗುಣ ಬಂದದ್ದು ಹೇಗೆ? ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇಕಡಾ 90ರಷ್ಟು ರಿಸಿನೋಲಿಕ್ ಆಮ್ಲ. ಈ ಆಮ್ಲದ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕಗಳು ಕೂಡಿದ ಹೈಡ್ರಾಕ್ಸಿಲ್ ಗುಂಪು ಒಂದು ಹೆಚ್ಚಾಗಿ ಅಂಟಿಕೊಂಡಿದೆ. ಅದು ಅಣುಗಳನ್ನು ಒಂದಕ್ಕೊಂದು ಎಳೆದು ಎಣ್ಣೆಯನ್ನು ಮಂದವಾಗಿಸುತ್ತದೆ, ಜೊತೆಗೆ ಲೋಹದ ಮೈಗೂ ಎಣ್ಣೆಯನ್ನು ಅಂಟಿಸುತ್ತದೆ. ಶೇಂಗಾ ಎಣ್ಣೆಗಿಂತ ಔಡಲೆಣ್ಣೆ ಅಷ್ಟೊಂದು ಮಂದವಾಗಿರುವುದು ಇದರಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ ಔಡಲೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲ ಮಹಾಯುದ್ಧದ ಹಲವು ವಿಮಾನಗಳ ರೋಟರಿ ಇಂಜಿನ್ನುಗಳಲ್ಲಿ ಪೆಟ್ರೋಲಿನ ಆವಿ ಎಣ್ಣೆ ಇರುವ ಭಾಗದ ಮೂಲಕವೇ ಹಾದುಹೋಗಬೇಕಿತ್ತು. ಖನಿಜ ಎಣ್ಣೆ ಅಲ್ಲಿ ಕರಗಿ ತೊಳೆದುಹೋಗುತ್ತಿತ್ತು, ಔಡಲೆಣ್ಣೆ ನಿಲ್ಲುತ್ತಿತ್ತು. ಅಮೆರಿಕ ಯುದ್ಧಕ್ಕೆ ಇಳಿದಾಗ ತನ್ನ ದಕ್ಷಿಣದ ರಾಜ್ಯಗಳಲ್ಲಿ ಔಡಲ ಬೆಳೆಸಲು ಭಾರತದಿಂದ ಬೀಜ ತರಿಸಿಕೊಂಡಿತು.

ಆದರೆ ಔಡಲೆಣ್ಣೆಯಲ್ಲಿ ದೊಡ್ಡ ದೋಷವೂ ಇತ್ತು. ಕಾದಂತೆ ಅದು ಗಾಳಿಯೊಡನೆ ಕೂಡಿ ಅಂಟಾಗುತ್ತದೆ, ಇಂಜಿನ್ನಿನ ಒಳಗೆಲ್ಲ ಅರಗಿನಂತೆ ಮೆತ್ತಿಕೊಳ್ಳುತ್ತದೆ. ಒಂದು ಓಟ ಮುಗಿಸಿ ಇಂಜಿನ್ ಬಿಚ್ಚಿ ತೊಳೆಯುವವರಿಗೆ ಅದು ತೊಂದರೆಯಲ್ಲ. ವರ್ಷಗಟ್ಟಲೆ ಓಡಬೇಕಾದ ಮನೆಯ ಕಾರಿಗೆ ಅದು ಹೊಂದದು. ಹೀಗೆ ಖನಿಜ ಎಣ್ಣೆಗಳು ಸುಧಾರಿಸಿದಂತೆ ಔಡಲೆಣ್ಣೆ ಹಿಂದೆ ಸರಿಯಿತು. ಆದರೂ ಪೂರ್ತಿ ಹೋಗಲಿಲ್ಲ. ಔಡಲೆಣ್ಣೆಯಿಂದ ಪಡೆಯುವ ಸೆಬಾಸಿಕ್ ಆಮ್ಲದಿಂದ ಎಸ್ಟರ್ ಎಂಬ ಕೃತಕ ಎಣ್ಣೆಗಳನ್ನು ತಯಾರಿಸಿ, ಎರಡನೆಯ ಮಹಾಯುದ್ಧದ ನಂತರ ಜೆಟ್ ಇಂಜಿನ್ನುಗಳಲ್ಲಿ ಬಳಸಿದರು. ಎಸ್ಟರ್ ವರ್ಗದ ಎಣ್ಣೆಗಳು ಮುಂದೆ ರೇಸಿನ ಕಾರುಗಳಿಗೂ ಬಂದವು. ಬಾಗಿಲಿನಿಂದ ಹೋದದ್ದು ಕಿಟಕಿಯಿಂದ ಬಂತು ಎನ್ನಬಹುದು.

ಓಟದ ಪಥದಲ್ಲಿ ಏನಾಗುತ್ತದೆ?

ನಮ್ಮ ದೇಶದಲ್ಲಿ ಕಾರಿನ ಓಟ ಬೆಳೆದದ್ದು ಮೊದಲು ಮದ್ರಾಸಿನ ಹತ್ತಿರದ ಷೋಲಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನದಾರಿಯ ಮೇಲೆ. ಬೆಂಗಳೂರಿನ ಓಟಗಾರರು ಹೋಗುತ್ತಿದ್ದುದೂ ಅಲ್ಲಿಗೇ. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಓಟಕ್ಕೆಂದೇ ಕಟ್ಟಿದ ಪಥ ತೆರೆಯಿತು. 2011ರಲ್ಲಿ ದೆಹಲಿಯ ಬಳಿಯ ಗ್ರೇಟರ್ ನೋಯ್ಡಾದಲ್ಲಿ ಫಾರ್ಮುಲಾ ಒನ್ ಓಟವೂ ನಡೆಯಿತು.

ಇಂಥ ಪಥದಲ್ಲಿ ಕಾರಿನ ದ್ರವಗಳಿಗೆ ಮೂರು ಕಡೆ ಪರೀಕ್ಷೆ ನಡೆಯುತ್ತದೆ.

ಮೊದಲನೆಯದು ಇಂಜಿನ್ ಎಣ್ಣೆ. ಕಾರು ವೇಗವಾಗಿ ತಿರುವಿನಲ್ಲಿ ಹೊರಳಿದಾಗ ತಳದ ತಟ್ಟೆಯಲ್ಲಿರುವ ಎಣ್ಣೆ, ಹೊರಳುವ ಗಾಡಿಯ ಕೊಡದ ನೀರಿನಂತೆ, ಒಂದು ಬದಿಗೆ ಏರುತ್ತದೆ. ಪಂಪಿನ ಬಾಯಿ ಆಗ ಬರಿದಾಗಿ ಎಣ್ಣೆಯ ಬದಲು ಗಾಳಿಯನ್ನು ಹೀರುತ್ತದೆ. ಬೇರಿಂಗಿನ ಪದರ ಹರಿಯಲು ಕೆಲವು ಕ್ಷಣ ಸಾಕು. ಎಷ್ಟೇ ದುಬಾರಿ ಎಣ್ಣೆ ಹಾಕಿದರೂ ಇದಕ್ಕೆ ಪರಿಹಾರವಿಲ್ಲ, ತಟ್ಟೆಯಲ್ಲಿ ಅಡ್ಡಗೋಡೆಗಳನ್ನು ಕೂರಿಸಬೇಕು ಅಥವಾ ಎಣ್ಣೆಗೆ ಬೇರೆಯೇ ತೊಟ್ಟಿಯನ್ನು ಇಡಬೇಕು.

ಎರಡನೆಯದು ಬ್ರೇಕಿನ ದ್ರವ. ನಾವು ಪೆಡಲು ತುಳಿದ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ಇದೇ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಪದೇಪದೇ ಬ್ರೇಕು ಹಾಕಿ ಕಾದ ದ್ರವ ಕುದಿದರೆ, ತುಳಿದ ಪೆಡಲು ಆವಿಯನ್ನಷ್ಟೇ ಒತ್ತುತ್ತಾ ನೆಲ ಮುಟ್ಟುತ್ತದೆ, ಗಾಲಿ ಮಾತ್ರ ನಿಲ್ಲುವುದಿಲ್ಲ. ಸಾಮಾನ್ಯ ಬ್ರೇಕ್ ದ್ರವಗಳಿಗೆ ಇನ್ನೊಂದು ಗುಣವಿದೆ, ಅವು ಗಾಳಿಯ ತೇವವನ್ನು ಹೀರುತ್ತವೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಓಟದ ಕಾರಿಗೆ ಬೇಕಾದದ್ದು ಮುಖ್ಯವಾಗಿ ಹೊಸ ದ್ರವ. ಹಳೆಯದರೊಳಗೆ ಏನನ್ನು ಸುರಿದರೂ ಅದು ಹೊಸದಾಗದು.

ಮೂರನೆಯದು ತಂಪುಗೊಳಿಸುವ ನೀರು. ಮನೆಯ ಕಾರಿನ ನೀರಿಗೆ ಗ್ಲೈಕಾಲ್ ಬೆರೆಸುತ್ತೇವೆ. ಅದು ನೆಲಕ್ಕೆ ಚೆಲ್ಲಿದರೆ ಬೇಗ ಒಣಗದೆ ಜಾರುತ್ತದೆ, ಹಿಂದೆ ಬರುವವನ ಪ್ರಾಣಕ್ಕೆ ಅಪಾಯ. ಆದ್ದರಿಂದ ಅನೇಕ ರೇಸ್ ಪಥಗಳಲ್ಲಿ ಗ್ಲೈಕಾಲಿಗೆ ನಿಷೇಧವಿದೆ. ತುಕ್ಕು ತಡೆಯುವ ಪೂರಕ ದ್ರವ್ಯವನ್ನಷ್ಟೇ ಬೆರೆಸಿದ ನೀರನ್ನು ಬಳಸುತ್ತಾರೆ.

ಪೂರಕ ದ್ರವ್ಯವೂ ಪವಾಡದ ಸೀಸೆಯೂ

ಹಾಗಾದರೆ ಎಣ್ಣೆಗೆ ಏನನ್ನೂ ಸೇರಿಸಬಾರದೇ? ಸೇರಿಸಲೇಬೇಕು, ಸೇರಿಸಿಯೇ ಮಾರುತ್ತಾರೆ. ಅಂಗಡಿಯ ಒಳ್ಳೆಯ ಇಂಜಿನ್ ಎಣ್ಣೆ ಬರಿಯ ಎಣ್ಣೆಯಲ್ಲ. ಅದರಲ್ಲಿ ಮಸಿಯನ್ನು ತೊಳೆಯುವ ದ್ರವ್ಯವಿದೆ, ನೊರೆ ತಡೆಯುವ ದ್ರವ್ಯವಿದೆ, ಕಾದಾಗ ತೀರಾ ತೆಳ್ಳಗಾಗದಂತೆ ನೋಡಿಕೊಳ್ಳುವ ದ್ರವ್ಯವಿದೆ. 1940ರ ದಶಕದಿಂದ ಬಳಕೆಗೆ ಬಂದ ಸತು, ರಂಜಕ, ಗಂಧಕಗಳ ಒಂದು ಸಂಯುಕ್ತ, ಎಣ್ಣೆಯ ಪದರ ಹರಿದ ಜಾಗದಲ್ಲಿ ಲೋಹದ ಮೇಲೆ ತಾನೇ ರಕ್ಷಣೆಯ ಪೊರೆಯಾಗಿ ಕೂರುತ್ತದೆ. ಇವೆಲ್ಲವೂ ಒಂದಕ್ಕೊಂದು ಹೊಂದುವಂತೆ ಅಳೆದು ಬೆರೆಸಿದವು.

ಹೀಗೆ ಹದವಾಗಿ ಬೆರೆಸಿದ ಎಣ್ಣೆಗೆ, ಇಂಜಿನ್ನಿಗೆ ಹೊಸ ಪ್ರಾಣ ಬರುತ್ತದೆ ಎಂಬ ಜಾಹೀರಾತನ್ನು ನಂಬಿ ಇನ್ನೊಂದು ಸೀಸೆ ಸುರಿಯುವ ಚಾಳಿ ಲೋಕದಲ್ಲೆಲ್ಲ ಇದೆ. ಅಮೆರಿಕದಲ್ಲಿ ವ್ಯಾಪಾರದ ಮೋಸಗಳನ್ನು ವಿಚಾರಿಸುವ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲಿ ಇಂಥ ಹೆಸರಾಂತ ತಯಾರಕರ ಮೇಲೆ ಕ್ರಮ ಕೈಗೊಂಡಿತು. ಸವೆತ ತಗ್ಗುತ್ತದೆ ಎಂಬ ಅವರ ಹೇಳಿಕೆಗಳಿಗೆ ಆಧಾರವಿಲ್ಲ ಎಂಬುದೇ ಆರೋಪವಾಗಿತ್ತು. ರೇಸಿನ ಚಿತ್ರ ಅಂಟಿಸಿದ ಸೀಸೆಗೆ ನಮ್ಮ ರೈತನೂ ಟ್ರ್ಯಾಕ್ಟರಿಗೆಂದು ಹಣ ಕೊಡುತ್ತಾನೆ. ಬೀಜ ಬೆಳೆದವನಿಗೆ ಬರುವ ಬೆಲೆಯನ್ನೂ ಸೀಸೆ ಕೊಂಡವನು ಕೊಡುವ ಬೆಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಈ ಕಥೆ ಬರಿಯ ವಿಜ್ಞಾನದ್ದಲ್ಲ ಎಂದು ತಿಳಿಯುತ್ತದೆ.

ಮೋಸಹೋಗದಿರಲು ಒಂದೇ ದಾರಿ. ಯಾವ ಕೊರತೆಗೆ ಇದು ಉತ್ತರ ಎಂದು ಕೇಳುವುದು. ಕೀಲೆಣ್ಣೆ ಬೆರೆಸಿದವನಿಗೆ ಈ ಪ್ರಶ್ನೆ ಗೊತ್ತಿತ್ತು. ಎಣ್ಣೆ ಸೋರುತ್ತದೆ ಎಂಬುದು ಅವನು ಕಂಡ ಕೊರತೆ, ಅದಕ್ಕೆ ಕರಿ ಹಾಕಿದನು. ಕೊರತೆ ಕಾಣದೆ ಅವನು ಏನನ್ನೂ ಬೆರೆಸಲಿಲ್ಲ.

ಮತ್ತೆ ಜಾತ್ರೆಯ ಬಯಲಿಗೆ

ನಮ್ಮ ಸೀಮೆಗೂ ತನ್ನದೇ ಆದ ಓಟವಿದೆ. ಜಾತ್ರೆಗಳಲ್ಲಿ ಖಾಲಿ ಗಾಡಿಗೆ ಎತ್ತು ಹೂಡಿ ಓಡಿಸುವ ಪಂದ್ಯವನ್ನು ನೀವು ನೋಡಿರಬಹುದು. ಉತ್ತರ ಕರ್ನಾಟಕದಲ್ಲಿ ತೆರಬಂಡಿ ಎಂಬ ಇನ್ನೊಂದು ಪಂದ್ಯವಿದೆ. ಅಲ್ಲಿ ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎತ್ತುಗಳಿಂದ ಎಳೆಸುತ್ತಾರೆ. ಒಂದರಲ್ಲಿ ಘರ್ಷಣೆ ಕಡಿಮೆಯಾದಷ್ಟೂ ಗೆಲುವು ಹತ್ತಿರ, ಇನ್ನೊಂದರಲ್ಲಿ ಘರ್ಷಣೆಯೇ ಎದುರಾಳಿ. ಕಾರಿನಲ್ಲೂ ಹೀಗೆಯೇ, ಇಂಜಿನ್ನಿಗೆ ಜಾರಿಕೆ ಬೇಕು, ಬ್ರೇಕಿಗೆ ಹಿಡಿತ ಬೇಕು.

ಆದರೆ ಎತ್ತು ಇಂಜಿನ್ ಅಲ್ಲ, ಅದಕ್ಕೆ ನೋವಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಎತ್ತಿನ ಓಟಗಳನ್ನು ತಡೆಯಿತು. ಕರ್ನಾಟಕ 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಹಿಂಸೆ ಮಾತ್ರ ಇಂದಿಗೂ ಅಪರಾಧವೇ. ಗಾಡಿಯ ಕೀಲಿಗೆ ಹೊತ್ತಿಗೆ ಎಣ್ಣೆ ಹಾಕುವುದು ಎತ್ತಿನ ಹೆಗಲಿಗೆ ತೋರುವ ಕರುಣೆ ಎಂದು ಹಿರಿಯರು ಬಲ್ಲರು. ಚಾವಟಿಗೆ ಮೊದಲು ಎಣ್ಣೆಯ ಗೊಟ್ಟಕ್ಕೆ ಕೈ ಹಾಕುವವನೇ ಒಳ್ಳೆಯ ಗಾಡಿಗಾರ.

1966ರಲ್ಲಿ ಬ್ರಿಟನ್ನಿನ ಪೀಟರ್ ಜೋಸ್ಟ್ ಅವರ ಸಮಿತಿಯ ವರದಿ, ಘರ್ಷಣೆ, ಸವೆತ ಮತ್ತು ಎಣ್ಣೆಗಳ ಅಧ್ಯಯನಕ್ಕೆ ಟ್ರೈಬಾಲಜಿ ಎಂಬ ಹೆಸರನ್ನು ಬಳಕೆಗೆ ತಂದಿತು. ಇಂದು ಅದು ಇಂಜಿನಿಯರಿಂಗ್ ಕಾಲೇಜುಗಳ ಪಾಠ. ಕೀಲೆಣ್ಣೆಯ ಜ್ಞಾನ ಮಾತ್ರ ಬಾಯಿಂದ ಬಾಯಿಗೆ ಉಳಿಯಿತು. ರಬ್ಬರ್ ಟೈರಿನ ಗಾಡಿಗಳು ಬಂದವು, ಗುಂಬದ ಜಾಗಕ್ಕೆ ಗುಂಡುಗಳ ಬೇರಿಂಗ್ ಬಂತು, ಆ ಮೇಲೆ ಟ್ರ್ಯಾಕ್ಟರ್ ಬಂತು. ಬಿದಿರಿನ ಗೊಟ್ಟ ಅಟ್ಟ ಸೇರಿತು. ಅದನ್ನು ಬಳಸಿದ ಕೈಗಳು ಈಗ ಬಹಳ ಉಳಿದಿಲ್ಲ.

ಆದ್ದರಿಂದ ಒಂದು ಕೆಲಸವನ್ನು ನಿಮಗೆ ಒಪ್ಪಿಸುತ್ತೇವೆ. ನಿಮ್ಮ ಊರಿನ ಹಿರಿಯ ಬಡಿಗರ, ಕಮ್ಮಾರರ ಮತ್ತು ರೈತರ ಬಳಿಗೆ ಹೋಗಿ. ಕೀಲೆಣ್ಣೆಗೆ ಏನೇನು ಬೆರೆಸುತ್ತಿದ್ದರು, ಎಷ್ಟು ದಾರಿಗೊಮ್ಮೆ ಹಚ್ಚುತ್ತಿದ್ದರು, ಮಳೆಗಾಲಕ್ಕೂ ಬೇಸಿಗೆಗೂ ಹದ ಬೇರೆ ಇತ್ತೇ ಎಂದು ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ಒಂದು ಇಳಿಜಾರು ಗಾಜಿನ ಮೇಲೆ ನೀರು, ಶೇಂಗಾ ಎಣ್ಣೆ, ಔಡಲೆಣ್ಣೆಗಳ ಒಂದೊಂದು ಹನಿ ಬಿಟ್ಟು ಯಾವುದು ತಡವಾಗಿ ಇಳಿಯುತ್ತದೆ ನೋಡಿ. ಔಡಲದ ಬೀಜವನ್ನು ಮಾತ್ರ ಬಾಯಿಗೆ ಹಾಕಬೇಡಿ, ಅದರಲ್ಲಿ ಪ್ರಾಣಾಂತಿಕ ವಿಷವಿದೆ.

ಮುಂದಿನ ಹುಣ್ಣಿಮೆಗೆ ಗುಡ್ಡದ ದಾರಿಯಲ್ಲಿ ಗಾಲಿಯೊಂದು ಕೂಗಿದರೆ ನಿಂತು ಕೇಳಿ. ಆ ಕೂಗಿಗೆ ಉತ್ತರ ಹುಡುಕುತ್ತಲೇ ಮನುಷ್ಯ ರೇಸಿನ ಪಥದವರೆಗೂ ಹೋದನು.